ಮೊದಲು ಮಾಂಸ, ಕೊನೆಗೆ ಕೊಂಬು

ಬೇಟೆ ಎಂದ ಕೂಡಲೇ ನಮ್ಮ ನಾಡಿನವರ ಕಣ್ಣಮುಂದೆ ಬರುವುದು ಎರಡೇ ಬಗೆಯ ಚಿತ್ರ. ಒಂದು, ಸತ್ತ ಹುಲಿಯ ಮೇಲೆ ಕಾಲಿಟ್ಟು ನಿಂತ ಅರಸರ, ದೊರೆಗಳ ಹಳೆಯ ಫೋಟೊ. ಇನ್ನೊಂದು, ಅರಣ್ಯ ಇಲಾಖೆಯವರ ನಡುವೆ ತಲೆ ತಗ್ಗಿಸಿ ನಿಂತ ಕಳ್ಳಬೇಟೆಗಾರ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅಪರಾಧ. ಅದು ಆಗಬೇಕಾದದ್ದೇ. ನಾವೀಗ ಹೇಳಹೊರಟಿರುವ ಬೇಟೆ ಈ ಎರಡರ ಸಾಲಿಗೂ ಸೇರುವುದಿಲ್ಲ. ಅದು ಅಲಾಸ್ಕದ ಹಿಮದಲ್ಲಿ, ನಮ್ಮ ಮಗ ಒಬ್ಬನೇ ಹೋಗಿ ಮಾಡಿ ಬಂದದ್ದು.

ನಾವು ಎಂದರೆ ಗಂಡ ಹೆಂಡತಿ ಇಬ್ಬರೂ. ಈ ಬರಹವನ್ನೂ ಇಬ್ಬರೂ ಕೂಡಿ ಕೂತು ಬರೆದಿದ್ದೇವೆ. ಊರು ಮಲೆನಾಡಿನ ಒಂದು ಹಳ್ಳಿ. 2003ರಲ್ಲಿ ಕೆಲಸದ ನಿಮಿತ್ತ ಫೇರ್‌ಬ್ಯಾಂಕ್ಸ್ ಎಂಬ ಊರಿಗೆ ಬಂದೆವು. ಅಲಾಸ್ಕದ ನಡುಭಾಗದಲ್ಲಿರುವ ಈ ಊರಿನಲ್ಲಿ ಚಳಿಗಾಲದಲ್ಲಿ ಶೂನ್ಯಕ್ಕಿಂತ 40 ಡಿಗ್ರಿ ಕೆಳಗಿಳಿಯುವುದು ಹೊಸದೇನಲ್ಲ. ಆಗ ಮಗನಿಗೆ ನಾಲ್ಕು ವರ್ಷ. ಬಂದ ಮೊದಲ ವಾರವೇ ಪಕ್ಕದ ಮನೆಯ ಅಜ್ಜ ನಮ್ಮ ಬಾಗಿಲು ತಟ್ಟಿದರು. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಮಾಂಸದ ಎರಡು ಗಟ್ಟಿ ಪೊಟ್ಟಣ. 'ಮೂಸ್' ಎಂದರು. ನಕ್ಕರು. ಹೋದರು.

ಮೂಸ್ ಜಿಂಕೆಯ ಕುಲದಲ್ಲೇ ಅತಿ ದೊಡ್ಡ ಪ್ರಾಣಿ. ನಮ್ಮ ಮಲೆನಾಡಿನ ಕಡವೆಯನ್ನು ಕಂಡವರು ಅದರ ಎರಡು ಮೂರು ಪಟ್ಟು ಗಾತ್ರವನ್ನು ಊಹಿಸಿಕೊಳ್ಳಬೇಕು. ಉದ್ದ ಕಾಲು, ಜೋತುಬಿದ್ದ ಮೂಗು, ಗಂಡಿಗೆ ಮೊರದಂತೆ ಅಗಲವಾದ ಕೊಂಬು. ದೊಡ್ಡ ಗಂಡು 725 ಕಿಲೋದಷ್ಟು ತೂಗುತ್ತದೆ, ಅದರಿಂದ ಸುಮಾರು 225 ಕಿಲೋ ಮಾಂಸ ಸಿಗುತ್ತದೆ ಎಂದು ಅಲ್ಲಿನ ಇಲಾಖೆಯವರ ಲೆಕ್ಕ. ಒಂದು ಮೂಸ್ ಬಿದ್ದರೆ ಒಂದು ಮನೆಯ ಚಳಿಗಾಲ ಕಳೆಯಿತು ಎಂದೇ ಅರ್ಥ. ಇನ್ನೊಂದು ಮಾತು: ಅಲಾಸ್ಕದಲ್ಲಿ ಬೇಟೆಯ ಮೂಸ್ ಮಾಂಸವನ್ನು ಮಾರುವಂತಿಲ್ಲ. ತಿನ್ನಬಹುದು, ಹಂಚಬಹುದು, ಅಷ್ಟೆ. ಯಾವ ಶ್ರೀಮಂತನೂ ಅಂಗಡಿಯಲ್ಲಿ ದುಡ್ಡು ಕೊಟ್ಟು ಅದನ್ನು ಕೊಳ್ಳಲಾರ. ರಸ್ತೆಯಲ್ಲಿ ವಾಹನ ಬಡಿದು ಸತ್ತ ಮೂಸನ್ನು ಕೂಡ ಮೊದಲೇ ಹೆಸರು ಬರೆಸಿದ ಸೇವಾಸಂಸ್ಥೆಗಳಿಗೆ, ಕುಟುಂಬಗಳಿಗೆ ಕೊಟ್ಟುಬಿಡುತ್ತಾರೆ.

ಅಷ್ಟು ಬೆಲೆಯುಳ್ಳ ವಸ್ತುವನ್ನು ಅಜ್ಜ ಪ್ರತಿವರ್ಷ ತಂದುಕೊಡುತ್ತಿದ್ದರು. ನಾವು ಪ್ರತಿವರ್ಷ ಅದನ್ನು ಕೈಯೊಡ್ಡಿ ತೆಗೆದುಕೊಂಡು, ಕತ್ತಲಾದ ಮೇಲೆ ಇನ್ನೊಬ್ಬರಿಗೆ ಕೊಟ್ಟುಬಿಡುತ್ತಿದ್ದೆವು. ಝಬಹ್ ಆಗದ ಮಾಂಸ, ನಮಗೆ ಸಲ್ಲದು ಎಂಬುದು ನಮ್ಮ ಕಾರಣ. ಕಾರಣ ಸರಿಯೇ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಧೈರ್ಯ ನಮಗಿರಲಿಲ್ಲ. 'ಹೇಗಿತ್ತು?' ಎಂದು ಅಜ್ಜಿ ಕೇಳಿದರೆ 'ತುಂಬಾ ಚೆನ್ನಾಗಿತ್ತು' ಎನ್ನುತ್ತಿದ್ದೆವು. ಹಲಾಲ್ ಕಾಪಾಡಿಕೊಳ್ಳಲು ಹೋಗಿ ಸುಳ್ಳು ನುಂಗುತ್ತಿದ್ದೆವು. ಎಂಟು ವರ್ಷ ಹೀಗೇ ನಡೆಯಿತು.

2011ರಲ್ಲಿ ಒಂದು ದಿನ ನಮ್ಮ ಹನ್ನೆರಡು ವರ್ಷದ ಮಗ ಅಜ್ಜನ ಅಂಗಳದಲ್ಲಿ ಆಡುತ್ತಿದ್ದಾಗ ಅವರಿಗೆ ನಿಜ ಹೇಳಿಬಿಟ್ಟ. ವಿಷಯ ತಿಳಿದು ನಮಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಸಂಜೆ ಅಜ್ಜ ಬಂದರು. ಸಿಟ್ಟಿರಲಿಲ್ಲ. 'ದೇವರ ಹೆಸರು ಹೇಳಿ ಹೊಡೆಯಬೇಕು ಅಂತೀರಲ್ಲ, ಹಾಗಾದರೆ ಹುಡುಗನನ್ನು ನನ್ನ ಜೊತೆ ಕಳಿಸಿ. ನಾನು ಹೊಡೆಯುವುದನ್ನು ಕಲಿಸುತ್ತೇನೆ. ಹೆಸರು ಹೇಳುವುದನ್ನು ನೀವು ಕಲಿಸಿ' ಎಂದರು. ಊರಿನ ಒಬ್ಬ ಆಲಿಮರನ್ನು ಫೋನಿನಲ್ಲಿ ಕೇಳಿದೆವು. ಬೇಟೆ ನಮ್ಮ ಧರ್ಮದಲ್ಲಿ ನಿಷಿದ್ಧವಲ್ಲ. ಅಲ್ಲಾಹನ ಹೆಸರು ಹೇಳಿ ಹೊಡೆಯಬೇಕು, ಪ್ರಾಣಿ ಜೀವಂತ ಕೈಗೆ ಸಿಕ್ಕರೆ ಝಬಹ್ ಮಾಡಬೇಕು. ಗುಂಡಿನ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ, ಆದರೆ ಮೈ ಸೀಳಿ ರಕ್ತ ಹರಿಸುವ ಚೂಪು ಗುಂಡಾದರೆ ಸಲ್ಲುತ್ತದೆ ಎನ್ನುವವರು ಅನೇಕರು ಎಂದರು. ಆ ಅಭಿಪ್ರಾಯವನ್ನು ನಾವು ಒಪ್ಪಿಕೊಂಡೆವು.

ಅಜ್ಜ, ಅಜ್ಜಿ ಇಬ್ಬರೂ ಅಲ್ಲಿನ ಮೂಲನಿವಾಸಿಗಳಾದ ಅಥಬಾಸ್ಕನ್ ಜನ. ಮಿಂಟೊ ಎಂಬ ಹಳ್ಳಿಯ ಕಡೆಯವರು. ಅಜ್ಜ ಮಗನಿಗೆ ಕಲಿಸಿದ್ದು ಬರೀ ಗುರಿ ಹಿಡಿಯುವುದನ್ನಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡುವುದು, ಬರ್ಚ್ ಮರದ ತೊಗಟೆಯನ್ನು ಸುರುಳಿ ಸುತ್ತಿ ಹೆಣ್ಣು ಮೂಸ್‌ನ ಹಾಗೆ ಕೂಗುವುದು, ಒಣಗಿದ ಹೆಗಲ ಮೂಳೆಯನ್ನು ಪೊದೆಗೆ ತಿಕ್ಕಿ ಗಂಡು ಕೊಂಬು ಮಸೆಯುವ ಸದ್ದು ಮಾಡುವುದು. ಎಲ್ಲಕ್ಕಿಂತ ಹೆಚ್ಚಾಗಿ, ಯಾವಾಗ ಹೊಡೆಯಬಾರದು ಎಂಬುದು. 'ದಾರಿಯಿಂದ ಒಂದೂವರೆ ಮೈಲಿಗಿಂತ ದೂರ ಇದ್ದರೆ ಎಷ್ಟು ದೊಡ್ಡದಾದರೂ ನೋಡಿ ಸಂತೋಷಪಟ್ಟು ಬಾ. ಹೊರಲಾಗದ್ದನ್ನು ಕೊಲ್ಲಬೇಡ' ಎನ್ನುತ್ತಿದ್ದರಂತೆ.

2017ರಲ್ಲಿ ಮಗನ ಗುಂಡಿಗೆ ಮೊದಲ ಮೂಸ್ ಬಿತ್ತು. ಅಜ್ಜ ಪಕ್ಕದಲ್ಲೇ ಇದ್ದರು. ಮೊದಲ ಬೇಟೆಯನ್ನು ಪೂರ್ತಿ ಹಿರಿಯರಿಗೆ, ನೆರೆಯವರಿಗೆ ಹಂಚಿಬಿಡುವುದು ಅವರಲ್ಲಿ ಪದ್ಧತಿ. ಹಂಚಿದರು. ಹಾಗೆ ಹಂಚುವಾಗ ನೆರೆಯವರೆಂದು ನಮಗೂ ಒಂದು ಪಾಲು ಬಂತು. ಅದನ್ನು ತಂದವರು ಅಜ್ಜನೇ. 'ಇದನ್ನು ನೀವು ತಿನ್ನಬಹುದು. ಹುಡುಗ ಹೆಸರು ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ' ಎಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಧನಿಯಾ, ಮೆಣಸು ಹಾಕಿ ಮಾಡಿದ ಸಾಲನ್ನು ಎರಡೂ ಮನೆಯವರು ಒಟ್ಟಿಗೆ ಕೂತು ಉಂಡೆವು. ಬಂದ ಹದಿನಾಲ್ಕು ವರ್ಷಕ್ಕೆ ನಾವು ನಿಜವಾಗಿ ನೆರೆಯವರಾದೆವು.

2022ರ ಜನವರಿಯಲ್ಲಿ ಅಜ್ಜ ತೀರಿಕೊಂಡರು.

ಅಥಬಾಸ್ಕನ್ ಜನರಲ್ಲಿ ಸತ್ತವರಿಗಾಗಿ ಪಾಟ್ಲ್ಯಾಚ್ ಎಂಬ ಊಟದ ಕೂಟ ನಡೆಯುತ್ತದೆ. ದಫನದ ಹೊತ್ತಿಗೆ ಒಂದು, ವರ್ಷ ಕಳೆದು ದುಃಖ ಆರುವ ಹೊತ್ತಿಗೆ ಇನ್ನೊಂದು. ಆ ಊಟಕ್ಕೆ ಮೂಸ್ ಮಾಂಸ ಇರಲೇಬೇಕು. ಇದು ರುಚಿಯ ಮಾತಲ್ಲ, ನಂಬಿಕೆಯ ಮಾತು. 1975ರಲ್ಲಿ ಮಿಂಟೊದ ಒಂದು ಸಾವಿಗೆ, ಬೇಟೆಯ ಕಾಲ ಮುಗಿದ ಮೇಲೆ ಹೊಡೆದ ಮೂಸನ್ನು ಸಾಗಿಸಿದರೆಂದು ಕಾರ್ಲೋಸ್ ಫ್ರಾಂಕ್ ಎಂಬವರ ಮೇಲೆ ಮೊಕದ್ದಮೆ ಆಯಿತು. 1979ರಲ್ಲಿ ಅಲಾಸ್ಕದ ಸರ್ವೋಚ್ಚ ನ್ಯಾಯಾಲಯ, ಅಂತ್ಯಕ್ರಿಯೆಯ ಪಾಟ್ಲ್ಯಾಚ್‌ಗೆ ಮೂಸ್ ಬೇಕಾಗಿರುವುದು ಅವರ ಧರ್ಮಾಚರಣೆಯ ಭಾಗ, ಆ ಸ್ವಾತಂತ್ರ್ಯಕ್ಕೆ ಸಂವಿಧಾನದ ರಕ್ಷಣೆ ಇದೆ ಎಂದು ತೀರ್ಪು ಕೊಟ್ಟಿತು. ತಟ್ಟೆಯ ಮೇಲಿನ ಮಾಂಸದೊಳಗೆ ಒಂದು ಸಮುದಾಯದ ನಂಬಿಕೆ ಇರಬಲ್ಲದೆಂಬುದನ್ನು ನಮ್ಮಂಥವರಿಗೆ ಬಿಡಿಸಿ ಹೇಳಬೇಕಿಲ್ಲ.

ಆ ವರ್ಷ ಅಜ್ಜಿಯ ಫ್ರೀಜರ್ ಖಾಲಿಯಾಗಿತ್ತು. ಮೊದಲಾದರೆ ಮೀನಾದರೂ ಇರುತ್ತಿತ್ತು. ಆದರೆ ಯೂಕಾನ್ ನದಿಗೆ ಸಾಲ್ಮನ್ ಬರುವುದೇ ಕುಸಿದುಹೋಗಿ, 2021 ಮತ್ತು 2022ರಲ್ಲಿ ಚಿನೂಕ್, ಚಮ್ ಎಂಬ ಎರಡು ಮುಖ್ಯ ಜಾತಿಗಳನ್ನು ಮನೆಯೂಟಕ್ಕಾಗಿ ಹಿಡಿಯುವುದನ್ನೂ ನಿಲ್ಲಿಸಿದ್ದರು. 2024ರಲ್ಲಿ ಅಲಾಸ್ಕ ಮತ್ತು ಕೆನಡಾ ಸೇರಿ ಚಿನೂಕ್ ಹಿಡಿಯುವುದನ್ನು ಏಳು ವರ್ಷ ತಡೆಹಿಡಿಯಲು ಒಪ್ಪಿಕೊಂಡವು. ಮೀನಿಲ್ಲದ ನದಿಯ ದಡದಲ್ಲಿ ಉಳಿದಿದ್ದು ಮೂಸ್ ಒಂದೇ. ಅಜ್ಜಿ ಯಾರನ್ನೂ ಏನೂ ಕೇಳಲಿಲ್ಲ. ಆದರೆ ಮಗ ಸೆಪ್ಟೆಂಬರ್ ಬಂದ ಕೂಡಲೇ 'ಈ ಸಲ ನಾನೊಬ್ಬನೇ ಹೋಗುತ್ತೇನೆ' ಎಂದ. ಜೊತೆಗೆ ಬರಬೇಕಿದ್ದವರು ಮಣ್ಣಿನೊಳಗೆ ಮಲಗಿದ್ದರು.

ಬೇಟೆಯ ಅವಧಿ ಮುಗಿಯಲು ಕೆಲವೇ ದಿನ ಉಳಿದಿದ್ದಾಗ ಅವನು ಹೊರಟ. ಫೇರ್‌ಬ್ಯಾಂಕ್ಸ್‌ನಿಂದ ಉತ್ತರಕ್ಕೆ ಎಲಿಯಟ್ ಹೆದ್ದಾರಿ ಗುಡ್ಡಗಳ ನೆತ್ತಿಯ ಮೇಲೆ ಸಾಗುತ್ತದೆ. ಕೆಳಗೆ ಬರ್ಚ್ ಎಲೆ ಹಳದಿಯಾಗಿ ಉದುರುತ್ತಿದ್ದರೆ ಮೇಲೆ ಆಗಲೇ ಹಿಮ. ರೈಫಲ್, ಡೇರೆ, ಕೊಡಲಿ, ಚಾಕು, ಹತ್ತಿಬಟ್ಟೆಯ ಚೀಲಗಳು, ಬೆನ್ನಿಗೆ ಕಟ್ಟುವ ಹೊರೆಚೌಕಟ್ಟು, ಜೊತೆಗೆ ಉಪಗ್ರಹದ ಮೂಲಕ ಚಿಕ್ಕ ಸಂದೇಶ ಕಳಿಸುವ ಅಂಗೈಯಗಲದ ಒಂದು ಯಂತ್ರ. ಫೋನ್ ಅಲ್ಲಿ ನಡೆಯುವುದಿಲ್ಲ.

ಮೊದಲ ರಾತ್ರಿ ಸಂದೇಶ ಬಂತು: 'ತಲುಪಿದೆ. ಹಿಮ ಬೀಳುತ್ತಿದೆ.' ಎರಡನೆಯ ದಿನ ಮಧ್ಯಾಹ್ನ: 'ಗಂಡು ಮೂಸ್ ಬಿದ್ದಿದೆ. ನಾನು ಚೆನ್ನಾಗಿದ್ದೇನೆ. ಹೊತ್ತು ಮುಗಿಸಲು ಎರಡು ದಿನ ಬೇಕು. ಅಜ್ಜಿಗೆ ಹೇಳಿ.' ನಾವು ಓಡಿಹೋಗಿ ಹೇಳಿದೆವು. ಅಜ್ಜಿ ಕಣ್ಣು ಮುಚ್ಚಿಕೊಂಡು ತಮ್ಮ ಭಾಷೆಯಲ್ಲಿ ಏನೋ ಹೇಳಿಕೊಂಡರು.

ಆಮೇಲೆ ಸಂದೇಶ ನಿಂತುಹೋಯಿತು. ಆ ರಾತ್ರಿ ಇಲ್ಲ. ಮರುದಿನ ಬೆಳಿಗ್ಗೆ ಇಲ್ಲ, ಸಂಜೆ ಇಲ್ಲ. ನಮ್ಮಲ್ಲೊಬ್ಬರು ಪೊಲೀಸರಿಗೆ ಹೇಳೋಣ ಎಂದರೆ ಇನ್ನೊಬ್ಬರು ಸ್ವಲ್ಪ ತಡೆಯೋಣ ಎನ್ನುವುದು; ಸ್ವಲ್ಪ ಹೊತ್ತಿಗೆ ಮಾತು ಅದಲುಬದಲಾಗುವುದು. ಕರಡಿಗಳು ಇನ್ನೂ ಚಳಿಗಾಲದ ನಿದ್ದೆಗೆ ಹೋಗಿರದ ಕಾಲ. ರಕ್ತದ ವಾಸನೆಗೆ ಅವು ಬರುವುದು ಗೊತ್ತಿದ್ದದ್ದೇ. ಚಾಕು ಜಾರಿದರೆ? ಕಾಲು ಉಳುಕಿದರೆ? ಇಶಾ ನಮಾಝಿನ ದುಆದಲ್ಲಿ ಕೈ ಎತ್ತಿದರೆ ಮಾತೇ ಹೊರಡಲಿಲ್ಲ. ಅಜ್ಜಿ ಬಂದು ನಮ್ಮ ಅಡುಗೆಮನೆಯಲ್ಲಿ ಕೂತರು. 'ಹೊರೆ ಹೊರುವವನಿಗೆ ದಿನದ ಲೆಕ್ಕ ಸಿಗುವುದಿಲ್ಲ. ಬೆಳಿಗ್ಗೆ ಹೋಗಿ ನೋಡಿ' ಎಂದರು. ಅವರ ಕೈಯೂ ನಡುಗುತ್ತಿತ್ತು.

ಸುಬಹಿ ನಮಾಝ್ ಮುಗಿಸಿ ಹೊರಟೆವು. ಅವನು ಹೇಳಿಹೋಗಿದ್ದ ಜಾಗದಲ್ಲಿ ರಸ್ತೆಬದಿಗೆ ಅವನ ಗಾಡಿ ನಿಂತಿತ್ತು. ಮೇಲೆ ಹಿಮ. ಒಳಗೆ ಯಾರೂ ಇಲ್ಲ. ಹಿಂಭಾಗದ ಟಾರ್ಪಾಲು ಎತ್ತಿ ನೋಡಿದರೆ ಸಾಲಾಗಿ ಏಳು ಬಿಳಿಯ ಚೀಲಗಳು, ಒಂದಕ್ಕೊಂದು ತಾಗದ ಹಾಗೆ ಗಾಳಿಯಾಡಲು ಜಾಗ ಬಿಟ್ಟು ಇಟ್ಟದ್ದು. ಗಾಡಿಯಿಂದ ಪೊದೆಗಳ ನಡುವೆ ಹಿಮದಲ್ಲಿ ಒಂದು ಕಾಲುದಾರಿ ಸವೆದಿತ್ತು. ಒಬ್ಬನದೇ ಹೆಜ್ಜೆ, ಹೋದದ್ದು, ಬಂದದ್ದು, ಮತ್ತೆ ಹೋದದ್ದು. ಆ ಹೆಜ್ಜೆಗಳನ್ನು ನೋಡುತ್ತ ನಿಂತಿದ್ದಾಗಲೇ ದೂರದಲ್ಲಿ ಜೋರಾಗಿ ಹಾಡು ಕೇಳಿತು. ಕರಡಿ ಹತ್ತಿರ ಬಾರದಿರಲೆಂದು ಗಂಟಲೆತ್ತಿ ಹಾಡುತ್ತ, ಎಂಟನೆಯ ಹೊರೆ ಹೊತ್ತು, ಬಾಗಿ ಬಾಗಿ ಬರುತ್ತಿದ್ದ ನಮ್ಮ ಮಗ. ಗಡ್ಡದ ಮೇಲೆಲ್ಲ ಮಂಜುಗಡ್ಡೆ.

'ಅಬ್ಬಾ, ಅಮ್ಮಿ, ನೀವ್ಯಾಕೆ ಬಂದಿರಿ?' ಎಂದ. ಯಂತ್ರದ ಬ್ಯಾಟರಿ ಚಳಿಗೆ ಸತ್ತುಹೋಗಿತ್ತು, ಅಷ್ಟೆ. ಆ ಕ್ಷಣ ಅವನಿಗೆ ಬೈದೆವೋ, ಅತ್ತೆವೋ, ಎರಡೂ ಮಾಡಿದೆವೋ ಈಗ ನೆನಪಿಲ್ಲ. ಫ್ಲಾಸ್ಕಿನ ಚಹಾ ಕೊಟ್ಟೆವು. ಚಹಾ ಕುಡಿಯುತ್ತ ನಡೆದದ್ದನ್ನು ಹೇಳಿದ.

ಬೆಳಗಿನ ಹೊತ್ತು ಮೂಳೆ ತಿಕ್ಕಿ ಸದ್ದು ಮಾಡಿ, ತೊಗಟೆಯ ಕೊಳವೆಯಲ್ಲಿ ಕೂಗಿ, ಗಂಟೆಗಟ್ಟಲೆ ಅಲುಗಾಡದೆ ಕೂತಿದ್ದನಂತೆ. ಮೊದಲು ಕೊಂಬೆ ಮುರಿದ ಸದ್ದು, ಆಮೇಲೆ ಗುಟುರು, ಆಮೇಲೆ ಪೊದೆಗಳ ಮೇಲೆ ತೇಲಿಬಂದಂತೆ ಕೊಂಬು. ಮೈ ಪೂರ್ತಿ ಕಾಣುವವರೆಗೆ ಕಾದ. ರಸ್ತೆ ಎಷ್ಟು ದೂರ ಎಂದು ಮನಸ್ಸಿನಲ್ಲೇ ಅಳೆದ. ಎರಡು ಕಿಲೋಮೀಟರ್, ಅಜ್ಜನ ಲೆಕ್ಕದೊಳಗೇ ಇತ್ತು. ಬಿಸ್ಮಿಲ್ಲಾಹಿ ಅಲ್ಲಾಹು ಅಕ್ಬರ್ ಎಂದು ಕುದುರೆ ಒತ್ತಿದ. ಮೂಸ್ ಕೆಲವು ಹೆಜ್ಜೆ ನಡೆದು, ಸುಸ್ತಾದಂತೆ ಕುಳಿತು, ಪಕ್ಕಕ್ಕೆ ಒರಗಿತು. ಗಾಬರಿಪಡಿಸಬಾರದೆಂದು ಅರ್ಧ ಗಂಟೆ ದೂರದಲ್ಲೇ ಕಾದು ಹತ್ತಿರ ಹೋದಾಗ ಪ್ರಾಣ ಹೋಗಿತ್ತು.

'ಆಗ ಬೇಟೆ ಮುಗಿಯಿತು ಅಂದುಕೊಂಡೆ. ಆದರೆ ಅದು ಆಗ ಶುರುವಾಯಿತು' ಎಂದ. ಸುತ್ತ ಹಿಮವಿದ್ದರೂ ಮೂಸ್‌ನ ದಪ್ಪ ಚರ್ಮದೊಳಗೆ ಮೈಬಿಸಿ ಹಾಗೇ ಉಳಿದು, ಬೇಗ ಬಿಚ್ಚದಿದ್ದರೆ ಮೂಳೆಯ ಬಳಿಯಿಂದ ಮಾಂಸ ಹಳಸುತ್ತದೆ. ಇಬ್ಬರಿದ್ದರೆ ಒಬ್ಬ ಕಾಲೆತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಕೊಯ್ಯುತ್ತಾನೆ. ಇವನು ಕಾಲನ್ನು ಹಗ್ಗದಿಂದ ಮರಕ್ಕೆ ಬಿಗಿದು, ಒಂದೊಂದೇ ತೊಡೆ, ಮುಂಗಾಲು, ಬೆನ್ನು, ಪಕ್ಕೆಲುಬು, ಎದೆ, ಕತ್ತು ಬಿಡಿಸಿ ಚೀಲಕ್ಕೆ ತುಂಬಿದ. ಕತ್ತಲಾಗುವ ಹೊತ್ತಿಗೆ ಚೀಲಗಳನ್ನು ಕರುಳಿನ ರಾಶಿಯಿಂದ ನೂರು ಹೆಜ್ಜೆ ಆಚೆ, ದೂರದಿಂದ ಕಾಣುವಂಥ ಬಯಲಿನಲ್ಲಿ ತೂಗುಹಾಕಿದ. ಮೂರನೆಯ ಬೆಳಿಗ್ಗೆ ಬಂದು ನೋಡಿದರೆ ಕರುಳಿನ ರಾಶಿಯ ಸುತ್ತ ಹಿಮದ ಮೇಲೆ ಕರಡಿಯ ಹೆಜ್ಜೆ. ಚೀಲಗಳನ್ನು ಮುಟ್ಟಿರಲಿಲ್ಲ. ಭಯವಾಗಲಿಲ್ಲವೇ ಎಂದು ಕೇಳಿದೆವು. 'ಆಯಿತು. ಆದರೆ ಬಿಟ್ಟು ಬರುವುದು ಹೇಗೆ?' ಎಂದ.

ಬಿಟ್ಟು ಬರುವಂತಿಲ್ಲ, ಕಾನೂನು ಹಾಗಿದೆ. ತಿನ್ನಬಹುದಾದ ಮಾಂಸವನ್ನು ಕಾಡಿನಲ್ಲಿ ಬಿಟ್ಟು ಬಂದರೆ ಅಲಾಸ್ಕದಲ್ಲಿ ಅದು ಜೈಲಿಗೆ ಕಳಿಸಬಲ್ಲ ಅಪರಾಧ. ಯಾವ ಯಾವ ಭಾಗ ತರಲೇಬೇಕು ಎಂದು ಪಟ್ಟಿಯೇ ಇದೆ. ಅದರ ಜೊತೆಗೆ ನಮಗೆ ತುಂಬಾ ಹಿಡಿಸಿದ ಇನ್ನೊಂದು ನಿಯಮವೂ ಇದೆ: ಮಾಂಸವೆಲ್ಲ ಹೊರಗೆ ಬರುವ ಮೊದಲು ಕೊಂಬನ್ನು ತರುವಂತಿಲ್ಲ. ತಂದರೆ ಮಾಂಸದ ಕೊನೆಯ ಹೊರೆಯ ಜೊತೆ ತರಬೇಕು, ಇಲ್ಲವೇ ಅದರ ನಂತರ. ಯಾಕೆಂದರೆ ಕೊಂಬು ಕೈಸೇರಿದ ಮೇಲೆ ಮಾಂಸದ ನೆನಪು ಉಳಿಯದ ಮನುಷ್ಯರೂ ಇದ್ದಾರೆ.

ಒಂಬತ್ತನೆಯ ಹೊರೆಗೆ ಅವನೊಂದಿಗೆ ನಾವೂ ನಡೆದೆವು. ಹೊರೆ ಕೊಡು ಎಂದರೆ ಕೊಡಲಿಲ್ಲ. ಹಗ್ಗ, ಕೊಡಲಿ, ಟಾರ್ಪಾಲು ನಮ್ಮ ಪಾಲಿಗೆ ಬಂತು. ಬರಿಗೈಯಲ್ಲಿ ಎರಡು ಕಿಲೋಮೀಟರ್ ನಡೆಯುವುದೇ ನಮಗೆ ಏದುಸಿರಾಯಿತು. ಹಿಮದಡಿಯಲ್ಲಿ ದಿಂಡುದಿಂಡಾದ ಹುಲ್ಲು, ನಡುವೆ ಕೆಸರು, ಕಾಲಿಟ್ಟಲ್ಲೆಲ್ಲ ಹೊರಳುತ್ತದೆ. ಜಾಗ ತಲುಪಿದಾಗ ಕಂಡದ್ದು ಕೆಂಪಾದ ಹಿಮ, ಚರ್ಮ, ಕರುಳಿನ ರಾಶಿ, ಬೆನ್ನೆಲುಬಿನ ಬುಡ. ಸುತ್ತಲೂ ಕಾಡುಕಾಗೆಗಳು. ಒಂದು ಹಿಡಿ ಮಾಂಸ ಅಲ್ಲಿ ಉಳಿದಿರಲಿಲ್ಲ. ಪಕ್ಕದಲ್ಲಿ ಕೊಂಬಿನ ಸಮೇತ ತಲೆ ಕಾದಿತ್ತು.

ನಮ್ಮಲ್ಲೊಬ್ಬರು ಅದನ್ನು ನೋಡಿ ಸುಮ್ಮನೆ ಕೂತುಬಿಟ್ಟೆವು. ಇದುವರೆಗೆ ಎಷ್ಟೋ ಈದ್‌ಗಳಲ್ಲಿ ಕುರ್ಬಾನಿ ಕೊಟ್ಟಿದ್ದೇವೆ. ದುಡ್ಡು ಕಳಿಸಿ ಊರಿನಲ್ಲಿ ಮಾಡಿಸಿದ್ದೂ ಉಂಟು. ಅಂಗಡಿಯ ಕೋಳಿಯನ್ನು ಲೆಕ್ಕವಿಲ್ಲದೆ ತಿಂದಿದ್ದೇವೆ, ಮದುವೆಯ ದಸ್ತರ್‌ಖಾನಿನಲ್ಲಿ ಮಾಂಸ ಮಿಕ್ಕಿ ಚೆಲ್ಲಿದ್ದನ್ನು ನೋಡಿಯೂ ಎದ್ದು ಬಂದಿದ್ದೇವೆ. ಒಂದು ಜೀವ ತೆಗೆದರೆ ಅದರ ತೂಕ ಎಷ್ಟು ಎಂಬುದು ನಮ್ಮ ಬೆನ್ನಿಗೆ ಯಾವತ್ತೂ ಗೊತ್ತಾಗಿರಲಿಲ್ಲ. ಹಲಾಲ್ ಎಂಬುದು ಕತ್ತಿಯ ಅಂಚಿನಲ್ಲಿ ಮುಗಿದುಹೋಗುತ್ತದೆ ಎಂದು ನಂಬಿದ್ದೆವು. ಆಮೇಲೂ ಒಂಬತ್ತು ಹೊರೆ ಇರುತ್ತದೆ ಎಂದು ಇಪ್ಪತ್ತಮೂರು ವರ್ಷದ ಹುಡುಗ ತೋರಿಸಿಕೊಟ್ಟ.

ಒಂಬತ್ತನೆಯದನ್ನು ಗಾಡಿಗೆ ಸೇರಿಸಿ, ಮತ್ತೆ ಒಬ್ಬನೇ ಹೋಗಿ ಕೊನೆಯದಾಗಿ ತಲೆ ತಂದ. ಕೊಂಬಿನ ಆಸೆಗಲ್ಲ. ಮೂಸ್‌ನ ತಲೆ, ಮೂಗಿನಿಂದ ಮಾಡುವ ಸಾರು ಪಾಟ್ಲ್ಯಾಚ್‌ನ ಮರ್ಯಾದೆಯ ಅಡುಗೆ. ಒಟ್ಟು ಹತ್ತು ಸಲ ಹೋಗಿಬಂದದ್ದು, ನಲವತ್ತು ಕಿಲೋಮೀಟರ್, ಅದರಲ್ಲಿ ಅರ್ಧ ದಾರಿ ಬೆನ್ನ ಮೇಲೆ ಹೊರೆ.

ಮನೆಗೆ ಬಂದಾಗ ರಾತ್ರಿಯಾಗಿತ್ತು. ಅಜ್ಜಿ ಅಂಗಳದಲ್ಲೇ ನಿಂತಿದ್ದರು. ಅವರು ಕೊಂಬನ್ನು ನೋಡಲೇ ಇಲ್ಲ. ಚೀಲ ಬಿಚ್ಚಿ ಮಾಂಸ ಮೂಸಿದರು, ಬೆರಳಿನಿಂದ ಒತ್ತಿದರು. 'ಚೊಕ್ಕಟವಾಗಿದೆ' ಎಂದರು. ಅವರ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲವಂತೆ. ಆಮೇಲೆ ಮೂರು ದಿನ ಎರಡೂ ಮನೆಯವರು ಸೇರಿ ಕತ್ತರಿಸಿ, ಸುತ್ತಿ, ಹೆಸರು ಬರೆದು ಇಟ್ಟೆವು. ಹೆಚ್ಚಿನ ಪಾಲು ಪಾಟ್ಲ್ಯಾಚ್‌ಗೆ, ಒಂದು ಪಾಲು ಅಜ್ಜಿಯ ಚಳಿಗಾಲಕ್ಕೆ, ಒಂದು ಪಾಲು ಕೈಲಾಗದ ಹಿರಿಯರಿಗೆ, ಒಂದು ನಮಗೆ. ನಮ್ಮ ಹಳ್ಳಿಯಲ್ಲಿ ಹಿಂದೆ ಬೇಟೆಯ ಮಾಂಸ ಹಂಚುವಾಗ ಕೋವಿ ಹಿಡಿದವನಿಗೊಂದು ಪಾಲು, ಪ್ರಾಣಿ ಎಬ್ಬಿಸಿದವರಿಗೊಂದು ಪಾಲು, ನಾಯಿಗೂ ಒಂದು ಪಾಲು ಇರುತ್ತಿತ್ತೆಂದು ಅಜ್ಜಂದಿರು ಹೇಳಿದ್ದು ನೆನಪಾಯಿತು. ಕುರ್ಬಾನಿಯ ಮೂರು ಪಾಲು ನೆನಪಾಯಿತು. ಹಂಚಿ ತಿನ್ನುವುದನ್ನು ಯಾವ ಜನಕ್ಕೂ ಇನ್ನೊಬ್ಬರು ಕಲಿಸಬೇಕಾಗಿ ಬಂದಿರಲಾರದು.

2023ರ ಮಾರ್ಚಿನಲ್ಲಿ ಅಜ್ಜನ ನೆನಪಿನ ಪಾಟ್ಲ್ಯಾಚ್ ನಡೆಯಿತು. ಹಾಡು, ಭಾಷಣ, ಅಳು, ಊಟ. ಅಲ್ಲಿ ಬಂದವರು ಉಡುಗೊರೆ ಕೊಡುವುದಿಲ್ಲ. ಕಷ್ಟಕ್ಕಾದವರಿಗೆ ಮನೆಯವರೇ ಕೊಡುತ್ತಾರೆ. ಮಗನನ್ನು ಎಲ್ಲರ ಮುಂದೆ ಕರೆದು ಅಜ್ಜನ ರೈಫಲನ್ನು ಅವನ ಕೈಗಿಟ್ಟರು. ಆಮೇಲೆ ನಮ್ಮನ್ನೂ ಕರೆದರು. ಅಜ್ಜಿ ತಾವೇ ಬಂದು ನಮ್ಮಿಬ್ಬರ ಹೆಗಲಿಗೆ ಒಂದು ದಪ್ಪ ಕಂಬಳಿ ಹೊದಿಸಿದರು. ಅವರು ಕೊಟ್ಟದ್ದನ್ನು ಎಂಟು ವರ್ಷ ಗುಟ್ಟಾಗಿ ಬೇರೆಯವರಿಗೆ ದಾಟಿಸಿದ್ದ ನಮಗೆ ತಲೆ ಎತ್ತಲಾಗಲಿಲ್ಲ.

ಕೊಂಬು ಈಗ ಅಜ್ಜಿಯ ಮನೆಯ ಹಿಂದಿನ ಗೋಡೆಗೆ ಒರಗಿಕೊಂಡಿದೆ. ಅದನ್ನು ಯಾರೂ ಗೋಡೆಗೆ ಹೊಡೆದು ತೂಗುಹಾಕಿಲ್ಲ. ಬೇಸಿಗೆಯಲ್ಲಿ ಅಜ್ಜಿ ಅದರ ಮೇಲೆ ಬಟ್ಟೆ ಒಣಗಿಸುತ್ತಾರೆ. ಕಂಬಳಿ ನಮ್ಮ ಹಾಸಿಗೆಯ ಮೇಲಿದೆ. ಚಳಿ ಹೆಚ್ಚಾದ ರಾತ್ರಿಗಳಲ್ಲಿ ಅದನ್ನೇ ಹೊದೆಯುತ್ತೇವೆ.